ಹಾವು, ಕಪ್ಪೆ ನೋಡುವವರ ಬಳಗ ಸೇರಬೇಕೆ? ಹೀಗೆ ಶುರು ಮಾಡಿ

ಹಕ್ಕಿ ನೋಡುವವರು ಈಗ ಎಲ್ಲ ಕಡೆ ಸಿಗುತ್ತಾರೆ. ಭಾನುವಾರ ಬೆಳಿಗ್ಗೆ ಯಾವುದಾದರೂ ಕೆರೆ ಏರಿ ಮೇಲೆ ನಡೆದರೆ ಸಾಕು, ದುರ್ಬೀನು ಹಿಡಿದ ಒಬ್ಬರಾದರೂ ಎದುರಾಗುತ್ತಾರೆ. ಹಾವು, ಕಪ್ಪೆ, ಓತಿಕ್ಯಾತ, ಆಮೆಗಳ ಮೇಲೆ ಆಸೆ ಇರುವವರಿಗೆ ಜೊತೆ ಸಿಗುವುದು ಅಷ್ಟು ಸುಲಭವಲ್ಲ. ಅವರು ಓಡಾಡುವುದು ರಾತ್ರಿ, ಅದೂ ಮಳೆಯಲ್ಲಿ. ಬಳಗಗಳು ಚಿಕ್ಕವು. ಹೆಚ್ಚಿನವಕ್ಕೆ ಬೋರ್ಡೂ ಇಲ್ಲ, ಕಚೇರಿಯೂ ಇಲ್ಲ. ಒಂದು ವಾಟ್ಸಾಪ್ ಗ್ರೂಪ್, ನಾಲ್ಕೈದು ಹೆಡ್‌ಲ್ಯಾಂಪ್, ಒಂದು ಹಳೆಯ ಜೀಪು. ಅಷ್ಟೇ ಅವರ ಸಂಘ.

ಆದರೂ ಹುಡುಕಿಕೊಂಡು ಸೇರಬೇಕು ಅಂತಲೇ ನಾನು ಹೇಳುತ್ತೇನೆ. ಕಾರಣ ಸರಳ. ಹಕ್ಕಿಯನ್ನು ಒಬ್ಬರೇ ನೋಡಿ ಕಲಿಯಬಹುದು, ಪುಸ್ತಕ ತೆರೆದು ಹೋಲಿಸಬಹುದು. ಕತ್ತಲಲ್ಲಿ ಹಳ್ಳದ ಪಕ್ಕ ನಿಂತಾಗ ಯಾವ ಕಲ್ಲಿನ ಸಂದಿಗೆ ಕೈ ಹಾಕಬಾರದು, ಯಾವ ದನಿ ಕಪ್ಪೆಯದು, ಯಾವುದು ಚಿಮ್ಮಂಡೆಯದು ಅನ್ನುವುದನ್ನು ಪಕ್ಕದಲ್ಲಿ ನಿಂತವರೇ ಹೇಳಿಕೊಡಬೇಕು.

ನಿಮಗೆ ಬೇಕಾದದ್ದು ಯಾವ ಬಳಗ?

ಹೊರಗಿನವರಿಗೆ ಇವರೆಲ್ಲ 'ಹಾವಿನವರು'. ಒಳಗೆ ಹೋದರೆ ಬೇರೆ ಬೇರೆ ಗುಂಪುಗಳು. ಸುಮ್ನೆ ನಡೆದು, ನೋಡಿ, ಫೋಟೋ ತೆಗೆದು ಬರುವವರು ಒಂದು ಕಡೆ. ಮನೆಗೆ ಬಂದ ಹಾವನ್ನು ಹಿಡಿದು ಬಿಡುವ ರೆಸ್ಕ್ಯೂ ಕೆಲಸದವರು ಇನ್ನೊಂದು ಕಡೆ. ಎಲ್ಲಿ, ಯಾವಾಗ, ಯಾವ ಜಾತಿ ಕಂಡಿತು ಅಂತ ಬರೆದಿಡುವವರು ಮತ್ತೊಂದು ಕಡೆ. ಕರಾವಳಿಯಲ್ಲಿ ಕಡಲಾಮೆಯ ಗೂಡು ಕಾಯುವವರಿದ್ದಾರೆ. ಹೊನ್ನಾವರ, ಕುಂದಾಪುರದ ಕಡೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ದಡಕ್ಕೆ ಬರುತ್ತವೆ. ಅಲ್ಲಿ ಮೀನುಗಾರರು ಮತ್ತು ಅರಣ್ಯ ಇಲಾಖೆಯವರ ಜೊತೆ ಕೈಜೋಡಿಸಲು ಜನ ಬೇಕಾಗುತ್ತಾರೆ.

ಹೊಸಬರು ರೆಸ್ಕ್ಯೂ ಗುಂಪಿನಿಂದ ಶುರು ಮಾಡಬೇಡಿ. ಆ ಕೆಲಸದ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ವರ್ಷಗಟ್ಟಲೆ ನೋಡಿ ಪಳಗಿದ ಮೇಲೆ, ಸರಿಯಾದ ತರಬೇತಿ ಮತ್ತು ಇಲಾಖೆಯ ಒಪ್ಪಿಗೆಯ ಜೊತೆ ಮಾಡುವ ಕೆಲಸ ಅದು. ಕೇರಳದ ಅರಣ್ಯ ಇಲಾಖೆ ಹಾವು ಹಿಡಿಯುವವರಿಗೆ ತರಬೇತಿ ಕೊಟ್ಟು, ಪ್ರಮಾಣಪತ್ರ ಕೊಟ್ಟು, 'ಸರ್ಪ' ಎಂಬ ಆ್ಯಪ್ ಮೂಲಕ ಜನರಿಗೆ ತಲುಪಿಸುತ್ತಿದೆ. ಆ ಕೆಲಸಕ್ಕೆ ಎಷ್ಟು ಶಿಸ್ತು ಬೇಕು ಅನ್ನುವುದಕ್ಕೆ ಇದೊಂದೇ ಉದಾಹರಣೆ ಸಾಕು. ಶುರುವಿಗೆ ನೋಡುವವರ, ಬರೆದಿಡುವವರ ಬಳಗವೇ ಸರಿ.

ಎಲ್ಲಿ ಹುಡುಕುವುದು

ಮೊದಲು ನಿಮ್ಮ ಊರಿನ ಹಕ್ಕಿ ಬಳಗವನ್ನೇ ಕೇಳಿ. ಹಾವು–ಕಪ್ಪೆ ನೋಡುವವರಲ್ಲಿ ಅರ್ಧ ಜನ ಅಲ್ಲಿಂದಲೇ ಬಂದವರಿರುತ್ತಾರೆ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ, 'ಇಲ್ಲಿ ಕಪ್ಪೆ, ಹಾವುಗಳ ಬಗ್ಗೆ ಕೆಲಸ ಮಾಡುವವರು ಯಾರು ಸಾರ್?' ಅಂತ ಕೇಳಿದರೆ ಒಂದೆರಡು ಹೆಸರು ಖಂಡಿತ ಸಿಗುತ್ತದೆ. ಯಾರ ಮನೆಗೆ ಹಾವು ಬಂದರೆ ಯಾರನ್ನು ಕರೆಯಬೇಕು ಅನ್ನುವುದು ಅವರಿಗೆ ಗೊತ್ತಿರಲೇಬೇಕು.

ಇನ್ನೊಂದು ಒಳ್ಳೆಯ ದಾರಿ ಐನ್ಯಾಚುರಲಿಸ್ಟ್. ಪ್ರಪಂಚದ ಎಲ್ಲ ಕಡೆಯ ಜನ ತಾವು ನೋಡಿದ ಜೀವಿಗಳ ಚಿತ್ರ ಮತ್ತು ದನಿ ಹಾಕುವ ಉಚಿತ ತಾಣ ಇದು. ನಿಮ್ಮ ತಾಲ್ಲೂಕಿನ ಭೂಪಟ ತೆರೆದು 'ಉಭಯವಾಸಿಗಳು' ಅಥವಾ 'ಸರೀಸೃಪಗಳು' ಅಂತ ಆರಿಸಿ. ಪದೇ ಪದೇ ಕಾಣುವ ಹೆಸರುಗಳೇ ನಿಮ್ಮ ಭಾಗದಲ್ಲಿ ರಾತ್ರಿ ನಡೆಯುವವರು. ಅವರಿಗೆ ಅಲ್ಲೇ ಸಂದೇಶ ಕಳುಹಿಸಬಹುದು.

ಮಲೆನಾಡಿಗೆ ಹೋಗಿ ಕಲಿಯುವ ಮನಸ್ಸಿದ್ದರೆ ಆಗುಂಬೆಯನ್ನು ಮರೆಯಬೇಡಿ. ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರದು. ಹಾವು ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದರು. 2008ರಲ್ಲಿ ಕಾಳಿಂಗ ಸರ್ಪಕ್ಕೆ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಅದರ ಓಡಾಟ ಗಮನಿಸುವ ಕೆಲಸ ದೇಶದಲ್ಲಿ ಮೊದಲು ನಡೆದದ್ದು ಅಲ್ಲೇ. ಹತ್ತಿರದಲ್ಲೇ ಕಾಳಿಂಗ ಮಳೆಕಾಡು ಕೇಂದ್ರವೂ ಇದೆ. ಇಂಥ ಕಡೆ ನಡೆಯುವ ಶಿಬಿರಗಳಿಗೆ ಶುಲ್ಕವಿರುತ್ತದೆ. ಕೆಲವರಿಗೆ ಜಾಸ್ತಿ ಅನ್ನಿಸಬಹುದು. ಆದರೆ ಒಂದು ಒಳ್ಳೆಯ ಶಿಬಿರ ಮುಗಿಸಿದರೆ ಕಲಿಕೆಯೂ ಆಗುತ್ತದೆ, ನಿಮ್ಮ ಊರಿನ ಕಡೆಯ ನಾಲ್ಕು ಗೆಳೆಯರೂ ಸಿಗುತ್ತಾರೆ. ಎಷ್ಟೋ ಊರಿನ ಬಳಗಗಳು ಹುಟ್ಟುವುದೇ ಹೀಗೆ. ಬಿಸಿಲೆ ಘಾಟಿಯ ಸುತ್ತ ಮಳೆಗಾಲದಲ್ಲಿ ನಡೆಯುವ ಕಪ್ಪೆ ವೀಕ್ಷಣೆಗಳೂ ಅಷ್ಟೇ ಒಳ್ಳೆಯವು.

ಸೇರುವ ಮೊದಲು ಕೈ ನೋಡಿ

ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ. ಬಳಗ ಒಳ್ಳೆಯದೋ ಅಲ್ಲವೋ ಅನ್ನುವುದು ಅವರ ಕೈ ನೋಡಿದರೆ ಗೊತ್ತಾಗುತ್ತದೆ. ಪ್ರಾಣಿ ಕಂಡಾಗ ಅವರ ಕೈ ಎಲ್ಲಿರುತ್ತದೆ?

ಅವರ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟಗಳನ್ನು ತಾಳ್ಮೆಯಿಂದ ನೋಡಿ. ನಾಗರಹಾವಿನ ಬಾಲ ಹಿಡಿದು ಜನರ ಮುಂದೆ ಆಡಿಸುವ ವಿಡಿಯೋ ಇದೆಯೇ? ಹೆಡೆಗೆ ಮುತ್ತಿಡುವ ಚಿತ್ರವಿದೆಯೇ? ಹಾವನ್ನು ಕೊರಳಿಗೆ ಸುತ್ತಿಕೊಂಡ ಮಕ್ಕಳಿದ್ದಾರೆಯೇ? ಇದ್ದರೆ ಆ ಗುಂಪು ಬೇಡ. ಎಷ್ಟೇ ಹೆಸರಾಗಿರಲಿ, ಎಷ್ಟೇ ಸಾವಿರ ಹಾವು ಹಿಡಿದಿದ್ದೇವೆ ಅಂತ ಹೇಳಿಕೊಳ್ಳಲಿ, ಬೇಡ. ಅಂಥ ಆಟ ಆಡುತ್ತಲೇ ಜೀವ ಕಳೆದುಕೊಂಡ ಪಳಗಿದ ಕೈಗಳ ಸುದ್ದಿ ನಾವು ಎಷ್ಟು ಸಲ ಓದಿಲ್ಲ! ನೋಡಿದ ಹುಡುಗರು ಅದನ್ನೇ ಕಲಿಯುತ್ತಾರೆ ಅನ್ನುವುದು ಅದಕ್ಕಿಂತ ದೊಡ್ಡ ಸಂಕಟ.

ಫೋಟೋಗಳನ್ನೂ ಹೀಗೇ ಗಮನಿಸಿ. ಒಂದೇ ಹಾವು ಒಂದು ಚಿತ್ರದಲ್ಲಿ ಕೊಂಬೆ ಮೇಲೆ, ಮುಂದಿನದರಲ್ಲಿ ಪಾಚಿ ಹತ್ತಿದ ಕಲ್ಲಿನ ಮೇಲೆ, ಮತ್ತೊಂದರಲ್ಲಿ ಹೂವಿನ ಪಕ್ಕ ಇದ್ದರೆ ಯಾರೋ ಅದನ್ನು ಎತ್ತಿ ಎತ್ತಿ ಕೂರಿಸಿದ್ದಾರೆ ಅಂತ ಅರ್ಥ. ಕಪ್ಪೆಯ ಬೆನ್ನ ಮೇಲೆ ಇನ್ನೊಂದು ಪ್ರಾಣಿ ಕೂತ 'ಮುದ್ದಾದ' ಚಿತ್ರಗಳಂತೂ ಬಹುತೇಕ ಕೂರಿಸಿ ತೆಗೆದವೇ. ಒಳ್ಳೆಯ ಬಳಗದವರ ಚಿತ್ರದಲ್ಲಿ ಕಪ್ಪೆ ಅರ್ಧ ಎಲೆ ಮರೆಯಲ್ಲಿರುತ್ತದೆ. ಅದೇ ಸರಿಯಾದ ಚಿತ್ರ.

ಮುಟ್ಟಬಾರದು ಅನ್ನುವುದಕ್ಕೆ ಭಕ್ತಿಯ ಕಾರಣವಿರಬಹುದು, ಭಯದ ಕಾರಣವಿರಬಹುದು. ಕಪ್ಪೆಯ ವಿಷಯದಲ್ಲಿ ದೇಹದ ಕಾರಣವೇ ಇದೆ. ಕಪ್ಪೆ ಚರ್ಮದ ಮೂಲಕ ನೀರು ಹೀರುತ್ತದೆ, ಉಸಿರೂ ಆಡುತ್ತದೆ. ನಿಮ್ಮ ಕೈಗೆ ಹಚ್ಚಿದ ಸೊಳ್ಳೆ ಮುಲಾಮು, ಸಾಬೂನು, ಬೆವರಿನ ಉಪ್ಪು ಎಲ್ಲ ಅದರ ಮೈಗೆ ಇಳಿಯುತ್ತದೆ. ಇದರ ಮೇಲೆ ಕೈಟ್ರಿಡ್ ಅನ್ನುವ ಶಿಲೀಂಧ್ರದ ಕಾಟ. ಕಪ್ಪೆಯ ಚರ್ಮಕ್ಕೆ ಹತ್ತುವ ಈ ರೋಗ ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದಲ್ಲಿ ಹಲವು ಜಾತಿಗಳನ್ನೇ ಅಳಿಸಿಹಾಕಿದೆ. ಆ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಪತ್ತೆಯಾಗಿದೆ. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟಿನ ಕೆಸರು ತೊಳೆದು ಒಣಗಿಸುವ ಬಳಗ ಸಿಕ್ಕರೆ ಕಣ್ಣು ಮುಚ್ಚಿ ಸೇರಿ.

ಮುಟ್ಟುವುದಕ್ಕೆ ಕಾನೂನಿನ ತಡೆಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆಗೆ ಬೀಳಿಸುವುದು, ಸರೀಸೃಪಗಳ ಮೊಟ್ಟೆ ಅಥವಾ ಗೂಡು ಕದಡುವುದು ಕೂಡ ಬೇಟೆಯೇ. 2022ರಲ್ಲಿ ಈ ಕಾಯ್ದೆಗೆ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಾಗರಹಾವು, ಕಾಳಿಂಗ, ಕೊಳಕುಮಂಡಲದ ಜೊತೆ ನಾವು ದಿನಾ ನೋಡುವ ಕೇರೆ ಹಾವು ಕೂಡ ಈಗ ಮೊದಲ ಅನುಸೂಚಿಯಲ್ಲಿದೆ. ಹುಲಿ, ಆನೆಗಳಿರುವ ಪಟ್ಟಿ ಅದು. ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು. 'ನಾವು ಹಿಡಿದು ಫೋಟೋ ತೆಗೆದು ಬಿಟ್ಟೆವು' ಅನ್ನುವ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಬಳಗದವರನ್ನು ನೇರವಾಗಿ ಕೇಳಲು ಹಿಂಜರಿಯಬೇಡಿ. ಎಲ್ಲಿ ನಡೆಯುತ್ತೀರಿ? ಅದು ಯಾರ ಜಾಗ? ಅನುಮತಿ ಇದೆಯೇ? ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯಗಳ ಒಳಗೆ ರಾತ್ರಿ ಸುಮ್ನೆ ಹೊಕ್ಕುವ ಹಾಗಿಲ್ಲ. ಅಡಿಕೆ ತೋಟ, ಕಾಫಿ ತೋಟ, ಕಾಲೇಜಿನ ಆವರಣ, ಊರ ಕೆರೆ ಇವುಗಳಲ್ಲೇ ಎಷ್ಟೋ ಕಪ್ಪೆಗಳಿವೆ. ತೋಟದ ಯಜಮಾನರನ್ನು ಮೊದಲೇ ಕೇಳಿ ಹೋಗುವ ಗುಂಪು ನಂಬಿಕಸ್ಥ ಗುಂಪು. ಒಂದು ನಡಿಗೆಗೆ ಎಷ್ಟು ಜನ ಬರುತ್ತಾರೆ ಅಂತಲೂ ಕೇಳಿ. ಮೂವತ್ತು ಜನ ಟಾರ್ಚ್ ಬೀಸುತ್ತ ಹಳ್ಳಕ್ಕೆ ಇಳಿದರೆ ಅಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಕಾಲಡಿಗೆ ಸಿಕ್ಕಿ ಸಾಯುವ ಮರಿಗಪ್ಪೆಗಳ ಲೆಕ್ಕವೂ ಯಾರಿಗೂ ಸಿಗುವುದಿಲ್ಲ. ಎಂಟು–ಹತ್ತು ಜನ ಮಿತಿ. ಅದಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು.

ಸದಸ್ಯತ್ವಕ್ಕೆ ಹಣ ಕೇಳಿದರೆ ರಸೀದಿ ಕೇಳಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘಗಳು ಲೆಕ್ಕಪತ್ರ ಇಟ್ಟಿರಬೇಕು. ನೋಂದಣಿ ಇಲ್ಲದ ಚಿಕ್ಕ ಬಳಗಗಳು ಪೆಟ್ರೋಲ್ ಖರ್ಚು ಹಂಚಿಕೊಳ್ಳುತ್ತವೆ, ಅದು ತಪ್ಪಲ್ಲ.

ಸಾಕುವ ಆಸೆ ಇದ್ದವರಿಗೆ

ಆಮೆ ಸಾಕಬಹುದಾ, ಇಗ್ವಾನಾ ಸಾಕಬಹುದಾ ಅಂತ ಕೇಳಿಕೊಂಡು ಬರುವ ಹುಡುಗರು ತುಂಬಾ ಜನ. ನಮ್ಮ ಕಾಡಿನ ಯಾವ ಹಾವು, ಆಮೆ, ಉಡ, ಗೋಸುಂಬೆಯನ್ನೂ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅದೃಷ್ಟ ತರುತ್ತದೆ ಅಂತ ಕೆಲವರು ಇಟ್ಟುಕೊಳ್ಳುವ ನಕ್ಷತ್ರ ಆಮೆಯೂ ಅಷ್ಟೇ. 2019ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ತಡೆ ಬಿದ್ದಿದೆ. ಹೊರದೇಶದ ಪ್ರಾಣಿಗಳಾದ ಬಾಲ್ ಪೈಥಾನ್, ಇಗ್ವಾನಾಗಳನ್ನು ಇಟ್ಟುಕೊಂಡವರು 2024ರ ಹೊಸ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕೆಂಪು ಕಿವಿಯ ಆಮೆ ಅಂತ ಅಂಗಡಿಯಲ್ಲಿ ಮಾರುವ ಅಮೆರಿಕದ ಪುಟ್ಟ ಆಮೆ ಬೆಳೆದು ದೊಡ್ಡದಾದಾಗ ಜನ ಕೆರೆಗೆ ಬಿಟ್ಟು ಬರುತ್ತಾರೆ. ದಯವಿಟ್ಟು ಬಿಡಬೇಡಿ. ಅದು ನಮ್ಮ ಕೆರೆ ಆಮೆಗಳ ಊಟ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ.

ಪ್ರಾಣಿ ಮಾರುವ, ಕೊಡಿಸುವ ಮಾತು ಬಳಗದ ಗ್ರೂಪಿನಲ್ಲಿ ಬಂದರೆ ಅವತ್ತೇ ಹೊರಗೆ ಬನ್ನಿ.

ಮೊದಲ ಸಂದೇಶ

'ಹಾಯ್, ನನ್ನನ್ನೂ ಸೇರಿಸಿ' ಅಂತ ಬರೆದರೆ ಉತ್ತರ ಬರುವುದು ಕಷ್ಟ. ಹಾವಿನ ಹುಚ್ಚಿಗೆ ಬಿದ್ದವರು, ಕಳ್ಳಸಾಗಣೆಯವರು ಎಲ್ಲ ಇಂಥ ಗುಂಪಿಗೆ ನುಸುಳಲು ನೋಡುತ್ತಾರೆ. ಎರಡು ತಲೆ ಹಾವು ಅಂತ ಕರೆಯುವ ಮಣ್ಣುಮುಕ್ಕ ಹಾವಿಗೆ ಮೂಢನಂಬಿಕೆಯಿಂದ ಲಕ್ಷಾಂತರ ರೂಪಾಯಿ ಬೆಲೆ ಕಟ್ಟುವ ಜಾಲ ನಮ್ಮ ರಾಜ್ಯದಲ್ಲೂ ಇದೆ. ಹಾಗಾಗಿ ಹಳಬರು ಎಚ್ಚರಿಕೆಯಿಂದ ಇರುತ್ತಾರೆ. ನೀವು ಯಾರು, ಏನು ನೋಡಿದ್ದೀರಿ, ಏನು ಕಲಿಯಬೇಕು ಅಂತಿದ್ದೀರಿ ಅನ್ನುವುದನ್ನು ಹೇಳಿ. ಹೀಗೆ ಬರೆಯಬಹುದು:

'ನಮಸ್ಕಾರ ಸರ್. ನಾನು ಶಿರಸಿಯ ಹತ್ತಿರದ ಹಳ್ಳಿಯಲ್ಲಿ ಶಿಕ್ಷಕಿ. ನಮ್ಮ ತೋಟದ ಬಾವಿ ಹತ್ತಿರ ಮಳೆಗಾಲದಲ್ಲಿ ಒಂದು ಮರಗಪ್ಪೆ ನೊರೆಗೂಡು ಕಟ್ಟುತ್ತದೆ. ಚಿತ್ರ ಕಳಿಸಿದ್ದೇನೆ. ಕಪ್ಪೆಗಳ ದನಿ ಗುರುತಿಸುವುದು ಕಲಿಯಬೇಕು ಅಂತ ಆಸೆ. ನಿಮ್ಮ ಮುಂದಿನ ನಡಿಗೆಗೆ ಬರಬಹುದೇ? ಹಿಂದೆ ನಿಂತು ನೋಡುತ್ತೇನೆ. ರಾತ್ರಿ ವಾಪಸ್ ಬರಲು ನನ್ನದೇ ಗಾಡಿ ಇದೆ.'

ಆ ಕೊನೆಯ ಎರಡು ವಾಕ್ಯ ಬಹಳ ಕೆಲಸ ಮಾಡುತ್ತವೆ. ಹೆಣ್ಣುಮಕ್ಕಳು ಮೊದಲ ಸಲ ಹೋಗುವಾಗ ಗುಂಪಿನಲ್ಲಿ ಬೇರೆ ಮಹಿಳೆಯರು ಇದ್ದಾರೆಯೇ ಅಂತ ಕೇಳುವುದು ಸಹಜ. ಒಳ್ಳೆಯ ಬಳಗ ಅದನ್ನು ಕೇಳುವ ಮೊದಲೇ ಹೇಳುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವಂತಿದ್ದರೆ ವಯಸ್ಸು ಹೇಳಿ ಒಪ್ಪಿಗೆ ತೆಗೆದುಕೊಳ್ಳಿ.

ಹೋಗುವ ಮೊದಲು ಕಿವಿ ಪಳಗಿಸಿ

ಹೊಸಬರೆಲ್ಲ ಕಣ್ಣಿನ ಮೇಲೆ ಭರವಸೆ ಇಡುತ್ತಾರೆ. ಮಳೆಗಾಲದ ರಾತ್ರಿ ಕಿವಿಗೇ ಕೆಲಸ ಜಾಸ್ತಿ. ಕೂಗುವುದು ಗಂಡು ಕಪ್ಪೆ, ಮತ್ತು ಪ್ರತಿ ಜಾತಿಗೂ ಅದರದೇ ಕೂಗು. ಪೊದೆಗಪ್ಪೆಗಳು ಉಗುರಿಗಿಂತ ಸ್ವಲ್ಪ ದೊಡ್ಡವು ಅಷ್ಟೇ. ಕಾಫಿ ಗಿಡದಲ್ಲಿ ಟಿಕ್ ಟಿಕ್ ಅಂತ ಕೂಗುತ್ತಿದ್ದರೂ ಎಲೆ ಎಲೆ ತಡಕಿದರೂ ಕಾಣುವುದಿಲ್ಲ. ದನಿ ಗೊತ್ತಿದ್ದರೆ ಕಾಣದೆಯೇ ಹೆಸರು ಬರೆದುಕೊಳ್ಳಬಹುದು.

ಮನೆಯ ಸುತ್ತಲಿಂದ ಶುರು ಮಾಡಿ. ಮೊದಲ ಜೋರು ಮಳೆಗೆ ಗದ್ದೆಯಲ್ಲಿ ಗೂಳಿ ಕಪ್ಪೆಗಳು ಸೇರುತ್ತವೆ. ಗಂಡುಗಳ ಮೈ ಅರಿಶಿನ ಹಚ್ಚಿದ ಹಾಗೆ ಹಳದಿ, ಗಂಟಲ ಪಕ್ಕದ ಚೀಲಗಳು ನೀಲಿ. ಬಚ್ಚಲ ಪಕ್ಕ ಕೂರುವ ಒರಟು ಮೈಯ ನೆಲಗಪ್ಪೆ ಉದ್ದಕ್ಕೆ ಎಳೆದು ಕೂಗುತ್ತದೆ. ಕೆರೆಯ ನೀರಿನ ಮೇಲೆ ಕಣ್ಣಷ್ಟೇ ಕಾಣಿಸಿ, ಹತ್ತಿರ ಹೋದರೆ ನೀರ ಮೇಲೇ ಜಿಗಿಯುತ್ತ ಓಡುವ ಕಪ್ಪೆ ಬೇರೆ. ಈ ಮೂರನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮತ್ತೆ ಮತ್ತೆ ಕೇಳಿ. ಐನ್ಯಾಚುರಲಿಸ್ಟ್‌ಗೆ ದನಿಯನ್ನೂ ಹಾಕಬಹುದು.

ಬಯಲುಸೀಮೆಯವರು ಬೇಸರ ಮಾಡಿಕೊಳ್ಳಬೇಕಿಲ್ಲ. ಬೆಂಗಳೂರಿನ ತುರಹಳ್ಳಿ, ನಂದಿಬೆಟ್ಟದಂಥ ಬಂಡೆಗಳ ಮೇಲೆ ಹಗಲಿನಲ್ಲೇ ಬಂಡೆ ಓತಿ ಸಿಗುತ್ತದೆ. ಮರಿ ಮಾಡುವ ಕಾಲಕ್ಕೆ ಗಂಡು ಕೆಂಪು–ಕಪ್ಪಾಗಿ ನಿಂತು ತಲೆ ಮೇಲೆ ಕೆಳಗೆ ಆಡಿಸುತ್ತದೆ. ಉತ್ತರ ಕರ್ನಾಟಕದ ಬಯಲಿನಲ್ಲಿ ಗಂಟಲ ಕೆಳಗಿನ ಬಣ್ಣದ ಬೀಸಣಿಗೆ ಬಿಚ್ಚುವ ಓತಿಗಳಿವೆ. ಹಗಲಿನ ನಡಿಗೆ, ಟಾರ್ಚ್ ಬೇಡ, ಇಂಬಳದ ಕಾಟವಿಲ್ಲ. ಹೊಸ ಬಳಗಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಕಡಿಮೆ.

ವಿಷದ ಹಾವುಗಳಲ್ಲಿ ನಾಲ್ಕನ್ನು ಚೆನ್ನಾಗಿ ತಿಳಿದಿರಬೇಕು: ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ. ತಿಳಿದಿದ್ದೇನೆ ಅಂದುಕೊಂಡು ಹತ್ತಿರ ಹೋಗುವುದಕ್ಕೆ ಈ ತಿಳುವಳಿಕೆ ಬಳಸಬೇಡಿ. ವಿಷವಿಲ್ಲದ ತೋಳ ಹಾವು ಕಟ್ಟು ಹಾವಿನ ಹಾಗೇ ಕಾಣುತ್ತದೆ. ಕತ್ತಲಲ್ಲಿ ಅನುಭವಸ್ಥರೂ ಎರಡು ಸಲ ನೋಡುತ್ತಾರೆ.

ಚೀಲದಲ್ಲಿ ಏನಿರಬೇಕು

ಹೆಡ್‌ಲ್ಯಾಂಪ್ ಒಂದು, ಕೈಯಲ್ಲಿ ಹಿಡಿಯುವ ಟಾರ್ಚ್ ಒಂದು, ಎರಡಕ್ಕೂ ಹೆಚ್ಚುವರಿ ಸೆಲ್. ಮಳೆಯಲ್ಲಿ ಒಂದು ಕೈಕೊಡುವುದು ಇದ್ದದ್ದೇ. ಕಣಕಾಲು ಮುಚ್ಚುವ ಶೂ ಅಥವಾ ಗಮ್‌ಬೂಟು. ಚಪ್ಪಲಿ ಹಾಕಿಕೊಂಡು ಬಂದವರನ್ನು ಒಳ್ಳೆಯ ಬಳಗ ವಾಪಸ್ ಕಳಿಸುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಉದ್ದ ಪ್ಯಾಂಟು. ಮಲೆನಾಡಿನಲ್ಲಿ ಇಂಬಳಕ್ಕೆ ಲೀಚ್ ಸಾಕ್ಸ್. ಅದಿಲ್ಲದಿದ್ದರೆ ಸಾಕ್ಸಿಗೆ ನಶ್ಯಪುಡಿ ಉಜ್ಜುವ ಹಳೆಯ ಪದ್ಧತಿ ಇದೆ. ಆದರೆ ಆ ಕಾಲನ್ನು ಹಳ್ಳದ ನೀರಿಗೆ ಇಳಿಸಬೇಡಿ. ಚಿಕ್ಕ ಪುಸ್ತಕ ಮತ್ತು ಪೆನ್ಸಿಲ್ ಇರಲಿ. ಒದ್ದೆ ಹಾಳೆಯ ಮೇಲೆ ಪೆನ್ನು ಓಡುವುದಿಲ್ಲ. ಹಾವು ಹಿಡಿಯುವ ಕೊಕ್ಕೆ, ಇಕ್ಕಳ ಬೇಕಾಗಿಲ್ಲ. ಹೊಸಬರಿಗೆ ಅದನ್ನು ಕೊಳ್ಳಿ ಅನ್ನುವ ಬಳಗವೂ ಬೇಕಾಗಿಲ್ಲ.

ನಡಿಗೆಯ ರಾತ್ರಿ

ಸಾಲಿನಲ್ಲಿ ನಡೆಯಿರಿ. ಮುಂದಿನವರು ಕಾಲಿಟ್ಟ ಕಡೆಯೇ ಕಾಲಿಡಿ. ಮಾತು ಕಡಿಮೆ, ಫೋನು ಸೈಲೆಂಟ್. ನಾಯಕರು ಕೈ ಎತ್ತಿದರೆ ನಿಲ್ಲಬೇಕು, ಬಗ್ಗಿ ನುಗ್ಗಬಾರದು. ಎಲ್ಲರ ಟಾರ್ಚೂ ಒಂದೇ ಕಪ್ಪೆಯ ಕಣ್ಣಿಗೆ ಬಿದ್ದರೆ ಅದರ ಕೂಗು ನಿಲ್ಲುತ್ತದೆ. ಅದು ಕೂಗುವುದು ಹೆಣ್ಣನ್ನು ಕರೆಯಲು, ವರ್ಷದಲ್ಲಿ ಅದಕ್ಕೆ ಸಿಗುವ ಕೆಲವೇ ವಾರಗಳಲ್ಲಿ. ಒಬ್ಬರು ಬೆಳಕು ಹಿಡಿಯಲಿ, ಓರೆಯಾಗಿ, ಸ್ವಲ್ಪ ಹೊತ್ತು. ನಾಲ್ಕಾರು ಚಿತ್ರ ತೆಗೆದು ಮುಂದೆ ಸಾಗಿ.

ಕಲ್ಲು, ಬಿದ್ದ ದಿಮ್ಮಿ ಎತ್ತಿ ನೋಡುವ ಚಟ ಬೇಡ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆಯ ಉಂಡೆ ಕಂಡರೆ ಅದು ಹಾರುವ ಕಪ್ಪೆಯ ಗೂಡಿರಬಹುದು. ಒಳಗೆ ಮೊಟ್ಟೆಗಳಿರುತ್ತವೆ. ಗೊದಮೊಟ್ಟೆಗಳು ಬೆಳೆದು ಮಳೆಗೆ ಕೆಳಗಿನ ನೀರಿಗೆ ಬೀಳುತ್ತವೆ. ಚಿತ್ರಕ್ಕೆ ಅಡ್ಡ ಬಂತು ಅಂತ ಪಕ್ಕದ ಎಲೆ ಕಿತ್ತರೆ ಆ ಗೂಡು ಬಿಸಿಲಿಗೆ ಒಣಗುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನ ಹಳ್ಳಗಳಲ್ಲಿ ಕುಂಬಾರ ಕಪ್ಪೆ ಇದೆ. ಅದರ ಗಂಡು ಮುಂಗಾಲಿನಲ್ಲಿ ಮಣ್ಣು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ವಿಜ್ಞಾನಿಗಳು ಅದಕ್ಕೆ ಹೆಸರು ಕೊಟ್ಟದ್ದು 2014ರಲ್ಲಿ. ಅಷ್ಟು ಶ್ರಮದ ಗೂಡಿನ ಪಕ್ಕ ನಾವು ಬೂಟು ಹಾಕಿ ನಿಲ್ಲುತ್ತೇವೆ ಅನ್ನುವ ಅರಿವು ಕಾಲಿಗೆ ಇರಬೇಕು.

ಕಚ್ಚಿದರೆ ಏನು ಮಾಡುವುದು

ಎಲ್ಲ ನಡಿಗೆಗೂ ಮೊದಲು ಇದನ್ನು ಗಟ್ಟಿಯಾಗಿ ಹೇಳಿ ಒಪ್ಪಿಕೊಂಡಿರಬೇಕು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ಇದೆ, ಯಾರ ಗಾಡಿ ಸಿದ್ಧವಾಗಿದೆ, ಫೋನಿಗೆ ಸಿಗ್ನಲ್ ಎಲ್ಲಿ ಸಿಗುತ್ತದೆ. ಈ ಮೂರು ಪ್ರಶ್ನೆಗೆ ನಾಯಕರ ಬಳಿ ಉತ್ತರವಿಲ್ಲದಿದ್ದರೆ ಅವತ್ತು ನಡೆಯಬೇಡಿ.

ಕಚ್ಚಿದರೆ ಹಾವಿನಿಂದ ದೂರ ಬನ್ನಿ. ಕಚ್ಚಿಸಿಕೊಂಡವರನ್ನು ಕೂರಿಸಿ ಅಥವಾ ಮಲಗಿಸಿ. ಉಂಗುರ, ಬಳೆ, ಗಡಿಯಾರ, ಕಾಲ್ಗೆಜ್ಜೆ ತೆಗೆಯಿರಿ, ಆಮೇಲೆ ಊತ ಬರುತ್ತದೆ. ಕಚ್ಚಿದ ಕೈ ಅಥವಾ ಕಾಲನ್ನು ಮೂಳೆ ಮುರಿದಾಗ ಕಟ್ಟುವ ಹಾಗೆ ಅಲ್ಲಾಡದಂತೆ ಇರಿಸಿ. ಗಂಟೆ ಎಷ್ಟು ಅಂತ ಬರೆದುಕೊಳ್ಳಿ. 108ಕ್ಕೆ ಕರೆ ಮಾಡಿ ಅಥವಾ ಗಾಡಿಯಲ್ಲಿ ಹೊರಡಿ. ಬ್ಲೇಡಿನಿಂದ ಕುಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯುವುದು, ನಾಟಿ ಔಷಧಿಗೆ ಅಲೆಯುವುದು ಯಾವುದೂ ಬೇಡ. ಹಾವನ್ನು ಹಿಡಿದು ತರಬೇಕಾಗಿಯೂ ಇಲ್ಲ. ಲಕ್ಷಣ ನೋಡಿ, 20 ನಿಮಿಷದಲ್ಲಿ ರಕ್ತ ಹೆಪ್ಪುಗಟ್ಟುತ್ತದೆಯೇ ಅಂತ ಪರೀಕ್ಷೆ ಮಾಡಿ ವೈದ್ಯರು ಚಿಕಿತ್ಸೆ ಕೊಡುತ್ತಾರೆ.

ನಮ್ಮಲ್ಲಿ ಸಿಗುವ ಚುಚ್ಚುಮದ್ದು ಮೊದಲು ಹೇಳಿದ ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಕಾಳಿಂಗಕ್ಕೂ, ಘಟ್ಟದ ಗುಳಿ ಮಂಡಲಗಳಿಗೂ ಅದು ಮಾಡಿದ್ದಲ್ಲ. 2024ರಲ್ಲಿ ವಿಜ್ಞಾನಿಗಳು ಕಾಳಿಂಗವನ್ನು ನಾಲ್ಕು ಜಾತಿಗಳಾಗಿ ಬಿಡಿಸಿದರು. ನಮ್ಮ ಘಟ್ಟದ್ದಕ್ಕೆ 'ಕಾಳಿಂಗ' ಅನ್ನುವ ನಮ್ಮ ಹೆಸರೇ ಬಂತು. ಹೆಮ್ಮೆ ಪಡೋಣ, ಆದರೆ ದೂರದಿಂದಲೇ.

ಅದೇ ವರ್ಷ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಅಂತ ಘೋಷಿಸಿತು. ಅಂದರೆ ಆಸ್ಪತ್ರೆಗೆ ಬಂದ ಪ್ರತಿ ಕಡಿತವನ್ನೂ ಅವರು ವರದಿ ಮಾಡಬೇಕು. ಬಳಗದವರು ಹಳ್ಳಿಗಳಲ್ಲಿ ಹೇಳಬೇಕಾದ ಮಾತು ಇಲ್ಲೇ ಇದೆ. ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವೂ ಗೊತ್ತಾಗದೇ ಹೋಗಬಹುದು. ಮಂಚ ಮತ್ತು ಒಳಗೆ ಸಿಕ್ಕಿಸಿದ ಸೊಳ್ಳೆ ಪರದೆ ಜೀವ ಉಳಿಸುತ್ತವೆ. ಕತ್ತಲಲ್ಲಿ ಗದ್ದೆಗೆ ಹೋಗುವಾಗ ಟಾರ್ಚ್ ಮತ್ತು ಬೂಟು. ಮನೆಗೆ ಹಾವು ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926.

ಬಳಗದಲ್ಲಿ ಉಳಿಯುವುದು

ಒಂದೆರಡು ನಡಿಗೆ ಬಂದು ಚಿತ್ರ ಹಾಕಿ ಮಾಯವಾಗುವವರು ತುಂಬಾ. ಚಿಕ್ಕ ಕೆಲಸ ಹೊತ್ತುಕೊಂಡವರನ್ನು ಬಳಗ ನೆನಪಿಡುತ್ತದೆ. ಪಟ್ಟಿ ಬರೆಯುವ ಕೆಲಸ ಕೇಳಿ ತೆಗೆದುಕೊಳ್ಳಿ. ತಾರೀಖು, ಹೊತ್ತು, ಜಾಗ, ಮಳೆ ಇತ್ತೋ ಇಲ್ಲವೋ, ಯಾವ ಜಾತಿ, ಎಷ್ಟು, ಏನು ಮಾಡುತ್ತಿತ್ತು. ಮಳೆಗಾಲದಲ್ಲಿ ಒಂದೇ ರಸ್ತೆಯಲ್ಲಿ ವಾರಕ್ಕೊಮ್ಮೆ ನಡೆದು ವಾಹನದಡಿ ಸತ್ತ ಕಪ್ಪೆ, ಹಾವುಗಳನ್ನು ಲೆಕ್ಕ ಹಾಕುವುದು ಮನಸ್ಸಿಗೆ ಕಷ್ಟದ ಕೆಲಸ. ಆದರೆ ವೇಗತಡೆ ಹಾಕಿಸಿ ಅಂತ ಕೇಳಲು ಆ ಲೆಕ್ಕವೇ ಆಧಾರ.

ಜಾಗದ ಗುಟ್ಟು ಕಾಪಾಡಿ. ನಕ್ಷತ್ರ ಆಮೆ, ಮಣ್ಣುಮುಕ್ಕ, ಕಾಳಿಂಗದ ಗೂಡು ಕಂಡ ಜಾಗವನ್ನು ಚಿತ್ರದ ಜೊತೆ ಹಂಚಬೇಡಿ. ಐನ್ಯಾಚುರಲಿಸ್ಟ್‌ನಲ್ಲಿ ಜಾಗ ಮಸುಕು ಮಾಡುವ ಆಯ್ಕೆ ಇದೆ.

ಇಂಥ ಪಟ್ಟಿಗಳಿಂದ ಏನಾಗುತ್ತದೆ ಅಂತ ಕೇಳುವವರಿಗೆ ಮಣಿಪಾಲ ತೋರಿಸುತ್ತೇನೆ. ಅಲ್ಲಿನ ಮುರಕಲ್ಲಿನ (ಲ್ಯಾಟರೈಟ್) ಪಾರೆಗಳನ್ನು ಜನ ಬಂಜರು ಅಂತಲೇ ಕರೆಯುತ್ತಿದ್ದರು. ನಿಸರ್ಗದ ಆಸಕ್ತರು ಅಲ್ಲಿನ ಜೀವಿಗಳನ್ನು ದಾಖಲಿಸುತ್ತ ಹೋದಾಗ ಒಂದೂವರೆ ಸೆಂಟಿಮೀಟರಿನ ಒಂದು ಪುಟ್ಟ ಕಪ್ಪೆ ಕಿವಿಗೆ, ಕಣ್ಣಿಗೆ ಬಿತ್ತು. 2016ರಲ್ಲಿ ಅದು ಹೊಸ ಜಾತಿಯಾಗಿ ಪ್ರಕಟವಾಯಿತು. ಅದರ ಹೆಸರಿನಲ್ಲೇ ಮುರಕಲ್ಲು ಇದೆ. 2018ರಲ್ಲಿ ಮಂಗಳೂರು ನಗರದಿಂದ, ಆ ಊರಿನ ಕೊಂಕಣಿ ಹೆಸರಾದ 'ಕೊಡಿಯಾಲ'ದ ಹೆಸರಿನ ಕಪ್ಪೆ ಬಂತು. 2020ರಲ್ಲಿ ಬೆಂಗಳೂರಿನ ಅಂಚಿನ ರಾಜಾನುಕುಂಟೆಯಿಂದ ಬೆಂಗಳೂರಿನದೇ ಹೆಸರು ಹೊತ್ತ ಬಿಲಗಪ್ಪೆ ಬಂತು. ಮೂರೂ ದಟ್ಟ ಕಾಡಿನವಲ್ಲ, ಬಸ್ಸು ಹೋಗುವ ಊರಿನವು.

ಊರಲ್ಲಿ ಬಳಗವೇ ಇಲ್ಲದಿದ್ದರೆ

ಇಬ್ಬರು ಸಾಕು. ಒಬ್ಬ ಗೆಳೆಯ ಅಥವಾ ಮನೆಯವರ ಜೊತೆ ಊರ ಕೆರೆಯ ಏರಿಯ ಒಂದೇ ಜಾಗದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಂದು ಸಂಜೆ ಹದಿನೈದು ನಿಮಿಷ ನಿಂತು ಕೇಳಿ, ಬರೆದಿಡಿ. ಮುಂದಿನ ಮಳೆಗಾಲಕ್ಕೆ ಶಾಲೆಯ ಮೇಷ್ಟ್ರು, ಇಬ್ಬರು ಹುಡುಗರು ಸೇರುತ್ತಾರೆ. ಜುಲೈ 16ರಂದು ವಿಶ್ವ ಹಾವುಗಳ ದಿನ, ಆಮೇಲೆ ನಾಗರಪಂಚಮಿ. ಶಾಲೆಯಲ್ಲಿ ಒಂದು ಗಂಟೆ ಮಾತಾಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಚಿತ್ರ ತೋರಿಸಿ ಮಾತಾಡಿ, ಜೀವಂತ ಹಾವು ತರಬೇಡಿ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಚೆನ್ನೈ ಹತ್ತಿರದ ಮದ್ರಾಸ್ ಮೊಸಳೆ ಬ್ಯಾಂಕಿಗೆ ಹೋಗಿ ಬನ್ನಿ. 1976ರಿಂದ ನಡೆಯುತ್ತಿರುವ ಸರೀಸೃಪ ಸಂರಕ್ಷಣಾ ಕೇಂದ್ರ ಅದು. ಚುಚ್ಚುಮದ್ದಿಗೆ ಹಾವಿನ ವಿಷ ತೆಗೆದುಕೊಡುವ ಇರುಳ ಬುಡಕಟ್ಟಿನವರ ಸಹಕಾರ ಸಂಘದ ಕೆಲಸವೂ ಅಲ್ಲೇ ನಡೆಯುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ದಾರಿ ಇನ್ನೂ ಸುಲಭ. ಬ್ರಿಟನ್ನಿನಲ್ಲಿ ಜಿಲ್ಲೆಗೊಂದರಂತೆ ಕಪ್ಪೆ–ಸರೀಸೃಪ ಗುಂಪುಗಳಿವೆ. ವಸಂತದಲ್ಲಿ ರಸ್ತೆ ದಾಟುವ ನೆಲಗಪ್ಪೆಗಳನ್ನು ಬಕೆಟ್ಟಿನಲ್ಲಿ ಹೊತ್ತು ದಾಟಿಸುವ ಸ್ವಯಂಸೇವಕರ ಪಡೆಗಳಿವೆ. ಆಸ್ಟ್ರೇಲಿಯಾದಲ್ಲಿ ಅಲ್ಲಿನ ವಸ್ತುಸಂಗ್ರಹಾಲಯ 2017ರಲ್ಲಿ ತಂದ ಫ್ರಾಗ್‌ಐಡಿ ಆ್ಯಪ್‌ಗೆ ಕಪ್ಪೆಯ ಕೂಗು ಕಳುಹಿಸಿದರೆ ತಜ್ಞರು ಕೇಳಿ ಹೆಸರು ಹೇಳುತ್ತಾರೆ. ಅಲ್ಲಿನ ಎಷ್ಟೋ ಕ್ಲಬ್‌ಗಳು ಸಾಕುವವರ ಕ್ಲಬ್‌ಗಳು. ಪರವಾನಗಿಯ ನಿಯಮ ಊರಿಂದ ಊರಿಗೆ ಬೇರೆ, ಮೊದಲೇ ಕೇಳಿ ತಿಳಿದುಕೊಳ್ಳಿ.

ಮುಂಗಾರಿಗೆ ಮೊದಲು, ಏಪ್ರಿಲ್–ಮೇ ಹೊತ್ತಿಗೇ ಬಳಗದವರನ್ನು ಸಂಪರ್ಕಿಸಿ. ಜೂನ್ ಬಂದ ಮೇಲೆ ಅವರು ಹಳ್ಳದ ಕಡೆ ಇರುತ್ತಾರೆ, ಫೋನಿಗೆ ಸಿಗುವುದಿಲ್ಲ.